ನಾಲ್ಕನೇ ಜ್ವರ

ಸೊಸೆ ಮೆಟ್ರೊ ರೈಲು ಓಡಿಸುವ ತರಬೇತಿಗೆ ಸೇರಿದಂದಿನಿಂದ ಮರಿಯಪ್ಪನಿಗೆ ಸಾರಿನ ಉಪ್ಪು ಒಂದು ದಿನವೂ ಸರಿಹೋಗಲಿಲ್ಲ. ಸಾರು ಮಾಡುತ್ತಿದ್ದವಳು ಮೊದಲಿನಿಂದಲೂ ಹೆಂಡತಿ ಸರಸಮ್ಮನೇ. ಉಪ್ಪೂ ಅದೇ ಉಪ್ಪು, ಕೈಯೂ ಅದೇ ಕೈ. ಆದರೂ ತಟ್ಟೆಯ ಮುಂದೆ ಕೂತವನು ಮುದ್ದೆ ಮುರಿದು, ಸಾರಿಗೆ ಅದ್ದಿ, ಗಂಟಲಿಗಿಳಿಸಿ ಮುಖ ಸಿಂಡರಿಸುತ್ತಿದ್ದ.

"ಮನಸ್ಸು ಮನೇಲಿದ್ರೆ ತಾನೆ ಉಪ್ಪು ಹದವಾಗಿ ಬೀಳೋದು."

"ನನ್ನ ಮನಸ್ಸು ಇನ್ನೆಲ್ಲೈತೆ? ಬೆಂಗ್ಳೂರಿಗೆ ಹೋಗಿರೋಳು ಸಿರಿ, ನಾನಲ್ಲ."

"ಅದ್ನೇ ನಾನೂ ಹೇಳಿದ್ದು."

ಸರಸಮ್ಮ ಉತ್ತರ ಕೊಡದೆ ಇನ್ನೊಂದು ಸೌಟು ಸಾರು ಬಿಡುತ್ತಿದ್ದಳು. ಉತ್ತರ ಕೊಟ್ಟರೆ ಮಾತು ಬೆಳೆಯುತ್ತದೆ, ಮಾತು ಬೆಳೆದರೆ ರೇಷ್ಮೆ ಹುಳದ ಮನೆಯ ಕೆಲಸ ನಿಲ್ಲುತ್ತದೆ ಎಂಬುದು ಅವಳ ಲೆಕ್ಕ.

ಹಾರೋಹಳ್ಳಿಯಿಂದ ಒಂದಿಷ್ಟು ಒಳಗೆ ಅವರ ಊರು. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ತೋಟಕ್ಕೂ ಮನೆಗೂ ನಡುವೆ ಹುಳದ ಮನೆ. ಮಗ ನಟರಾಜು ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸಗಾರ. ಸಿರಿ ಅವನ ಹೆಂಡತಿ. ಕನಕಪುರದಲ್ಲಿ ಡಿಪ್ಲೊಮಾ ಓದಿದ್ದವಳು. ಮದುವೆಯಾದ ಮೇಲೂ ಹುಳಕ್ಕೆ ಸೊಪ್ಪು ಹಾಕುತ್ತ, ಬಿಡುವಿದ್ದಾಗ ಗೋಡೆಗೊರಗಿ ಪುಸ್ತಕ ಹಿಡಿಯುತ್ತ, ಯಾರಿಗೂ ಗೊತ್ತಾಗದ ಹಾಗೆ ಪರೀಕ್ಷೆ ಬರೆದುಬಂದಿದ್ದಳು. ಆಯ್ಕೆಯಾದ ಸುದ್ದಿ ಬಂದ ದಿನ ನಟರಾಜು ಸಿಹಿ ಹಿಡಿದುಕೊಂಡೇ ಮನೆಗೆ ಬಂದ.

"ಮೆಟ್ರೊದಲ್ಲಿ ಕೆಲ್ಸ ಸಿಕ್ತು ಕಣಪ್ಪ ಸಿರಿಗೆ."

"ಟಿಕೆಟ್ ಕೊಡೋದಾ?"

"ಅಲ್ಲ, ರೈಲು ಓಡ್ಸೋದು."

"ಅಂದ್ರೆ, ಡ್ರೈವರ್ ಪಕ್ಕ ಕುಂತ್ಕಳೋದಾ?"

"ಡ್ರೈವರೇ ಅವ್ಳು ಕಣಪ್ಪ."

ಮರಿಯಪ್ಪ ಬಾಯಿಗಿಟ್ಟ ಸಿಹಿಯನ್ನು ಅಗಿಯುವುದು ಬಿಟ್ಟು ಸೊಸೆಯ ಕಡೆ ನೋಡಿದ್ದ. ಇವಳಿಗೆ ಟ್ರ್ಯಾಕ್ಟರ್ ಕೂಡ ಬರುವುದಿಲ್ಲವಲ್ಲ ಎನ್ನುವ ಹಾಗಿತ್ತು ಆ ನೋಟ.

ಮೆಟ್ರೊ ಮೇಲೆ ಅವನಿಗೆ ಹಗೆಯೇನೂ ಇರಲಿಲ್ಲ. ರೈಲು ಈಗ ಕನಕಪುರ ರಸ್ತೆಯಲ್ಲಿ ರೇಷ್ಮೆ ಸಂಸ್ಥೆಯವರೆಗೆ ಬಂದು ನಿಂತಿದೆ, ಇವತ್ತಲ್ಲ ನಾಳೆ ಹಾರೋಹಳ್ಳಿಗೂ ಬರುತ್ತದೆ ಎಂದು ಟೀ ಅಂಗಡಿಯಲ್ಲಿ ದಿನಾ ಮಾತು. ಆ ಮಾತಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೇಳುತ್ತಿದ್ದದ್ದು ಮರಿಯಪ್ಪನದೇ ದನಿ.

"ಮೆಟ್ರೊ ನಮ್ಮೂರಿಗೆ ಬರ್ಲಿ ಅಂತೀರ. ನಮ್ಮನೆ ಹುಡ್ಗಿ ಮೆಟ್ರೊಗೆ ಹೋದ್ರೆ ಬ್ಯಾಡ ಅಂತೀರ" ಎಂದು ಸರಸಮ್ಮ ಒಮ್ಮೆ ಅಂದೇಬಿಟ್ಟಳು.

"ಬರೋದು ಬ್ಯಾರೆ, ಹೋಗೋದು ಬ್ಯಾರೆ" ಎಂದ ಮರಿಯಪ್ಪ.

ಸಿರಿ ನಸುಕಿನಲ್ಲೇ ಎದ್ದು ಅಂಗಳ ಗುಡಿಸಿ, ಹುಳಕ್ಕೆ ಮೊದಲ ಸೊಪ್ಪು ಹಾಕಿ, ತಣ್ಣೀರಲ್ಲಿ ಮುಖ ತೊಳೆದು, "ಬತ್ತೀನಿ ಅತ್ತೆ, ಬತ್ತೀನಿ ಮಾವ" ಎಂದು ಬಸ್ಸಿಗೆ ಓಡುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಬಂದು, ಸೀರೆ ಬದಲಿಸಿ ಮತ್ತೆ ಹುಳದ ಮನೆಗೆ. ಅಲ್ಲಿ ಅವಳದು ಒಂದು ಹೊಸ ಚಾಳಿ. ಬಾಗಿಲು ಎಳೆದುಕೊಂಡು, ಬೆರಳು ತೋರಿಸಿ, ಗಟ್ಟಿಯಾಗಿ "ಬಾಗಿಲು ಮುಚ್ಚಿದೆ" ಅನ್ನುವುದು. ದೀಪ ನೋಡಿ, "ದೀಪ ಹತ್ತಿದೆ." ಕಿಟಕಿಯ ಜಾಲರಿ ನೋಡಿ, "ಜಾಲರಿ ಸರಿ ಇದೆ."

"ಯಾರ ಜೊತೆ ಮಾತಾಡ್ತೀಯ ಮಗ?" ಎಂದು ಸರಸಮ್ಮ ಕೇಳಿದಳು.

"ಯಾರ ಜೊತೇನೂ ಅಲ್ಲ ಅತ್ತೆ. ಕಣ್ಣಲ್ಲಿ ನೋಡಿದ್ದನ್ನ ಬಾಯಲ್ಲೂ ಹೇಳಿ, ಕೈಯಲ್ಲೂ ತೋರಿಸ್ಬೇಕು. ಆಗ ತಪ್ಪಾಗಲ್ಲ. ಸಾವ್ರಾರು ಜನ ಕೂತಿರ್ತಾರೆ ಹಿಂದ್ಗಡೆ."

ಬಾಗಿಲಾಚೆ ನಿಂತಿದ್ದ ಮರಿಯಪ್ಪ ಇದನ್ನು ಕೇಳಿಸಿಕೊಂಡ. "ಕೇಳಿದ್ಯಾ? ಸಾವ್ರಾರು ಜನ. ಏನಾರ ಹೆಚ್ಚುಕಮ್ಮಿ ಆದ್ರೆ ಯಾರ ತಲೇಗೆ? ಈ ಮನೇದೇ ಅಲ್ವಾ ಹೆಸ್ರು?"

ಅವನ ಮುಖದಲ್ಲಿ ಆಗ ಸಿಟ್ಟಿಗಿಂತ ಭಯವೇ ಹೆಚ್ಚಾಗಿದ್ದದ್ದು ಸರಸಮ್ಮನ ಕಣ್ಣಿಗೆ ಬಿತ್ತು. ಆದರೆ ಮರಿಯಪ್ಪನ ಭಯ ಹೊರಬರುತ್ತಿದ್ದದ್ದು ಹಟವಾಗಿಯೇ. ಆ ಸಲ ಚಾಕಿ ಹುಳ, ಅಂದರೆ ಸಾಕಲು ಎಳೆಯ ಮರಿಹುಳ, ತರಲು ಹೋದವನು ಎಂದಿನಷ್ಟು ತರದೆ, ಅದರ ಒಂದೂವರೆಯಷ್ಟು ಹೊತ್ತು ತಂದ. ಕೆಲಸಕ್ಕೆ ಕೈ ಸಾಲದು ಎಂದು ಗೊತ್ತಿದ್ದೇ ತಂದ. ಸೊಪ್ಪಿನ ಹೊರೆ ಹೊರುವಾಗ ಬದುವಿನ ಮೇಲೆ ಜಾರಿ ಬಿದ್ದು ಸೊಂಟ ಹಿಡಿಸಿಕೊಂಡದ್ದು ಮಾತ್ರ ಗೊತ್ತಿದ್ದು ಮಾಡಿದ್ದಲ್ಲ.

ಅಲ್ಲಿಂದಾಚೆಗೆ ಸೊಪ್ಪು ಕುಯ್ಯುವುದು, ಹೊರುವುದು, ಹರಡುವುದು ಎಲ್ಲ ಸರಸಮ್ಮನ ಮೇಲೆ ಬಿತ್ತು. ನಟರಾಜು ಪಾಳಿ ಮುಗಿಸಿ ಬಂದವನು ಒಂದು ಹೊರೆ ತರುತ್ತಿದ್ದ. ಸಿರಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ನಡುವಿನ ಹೊತ್ತಿಗೆ ಹುಳ ಸುಮ್ಮನಿರುತ್ತದೆಯೇ?

ರೇಷ್ಮೆ ಹುಳ ಬೆಳೆಯುವುದು ಜ್ವರದ ಲೆಕ್ಕದಲ್ಲಿ. ಮೈ ಚರ್ಮಕ್ಕಿಂತ ದೊಡ್ಡದಾದಾಗ ಹುಳ ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು ನಿದ್ದೆಗೆ ಕೂರುತ್ತದೆ; ಹಳೆಯ ಚರ್ಮ ಕಳಚಿ ಏಳುತ್ತದೆ. ಅದಕ್ಕೆ ಆ ಸೀಮೆಯವರು ಜ್ವರ ಅನ್ನುತ್ತಾರೆ. ಹೀಗೆ ನಾಲ್ಕು ಜ್ವರ. ನಾಲ್ಕನೆಯದನ್ನು ಎದ್ದ ಹುಳದ ಹಸಿವು ಹುಳದ ಮನೆ ಕಂಡವರಿಗೇ ಗೊತ್ತು. ಸೊಪ್ಪು ತಿನ್ನುವ ಸದ್ದು ಹಂಚಿನ ಮೇಲೆ ತುಂತುರು ಮಳೆ ಬಿದ್ದ ಹಾಗೆ ಕೇಳುತ್ತದೆ. ಆ ವಾರ ಸೊಪ್ಪು ತಪ್ಪಿದರೆ ಗೂಡು ಜೊಳ್ಳು.

ಹುಳ ನಾಲ್ಕನೇ ಜ್ವರಕ್ಕೆ ಕೂತ ಹಿಂದಿನ ದಿನ ಊಟದ ಹೊತ್ತಿಗೆ ಮನೆಯಲ್ಲಿ ಜಗಳವಾಯಿತು.

"ಒಂದು ವಾರ ರಜ ಹಾಕು ಅಂತ ಹೇಳ್ಲಾ ನಿನ್ನ ಹೆಂಡ್ತಿಗೆ" ಎಂದ ಮರಿಯಪ್ಪ, ಸೊಸೆ ಎದುರಿಗೇ ಕೂತಿದ್ದರೂ ಮಗನಿಗೆ.

"ಆಗಲ್ಲ ಮಾವ" ಎಂದಳು ಸಿರಿ. "ಬರೋ ಗುರುವಾರ ಕೊನೇ ಪರೀಕ್ಷೆ. ಸಾಹೇಬ್ರು ಪಕ್ಕದಲ್ಲಿ ನಿಂತಿರ್ತಾರೆ, ನಾನು ಲೈನ್ ಮೇಲೆ ಓಡಿಸಿ ತೋರಿಸ್ಬೇಕು. ಅದು ತಪ್ಪಿದ್ರೆ ಮುಂದಿನ ತಂಡದ ಜೊತೆ ಮೊದಲಿಂದ ಮಾಡ್ಬೇಕು. ಮುಂದಿನ ತಂಡ ಯಾವಾಗ್ಲೋ, ಕರೀತಾರೋ ಇಲ್ವೋ."

"ಹುಳಾನೂ ಮುಂದಿನ ತಂಡಕ್ಕೆ ಕಾಯ್ತವಾ?"

"ಒಂದೂವರೆ ಪಾಲು ಹುಳ ತರಕ್ಕೆ ಯಾರು ಹೇಳಿದ್ರಪ್ಪ ನಿಂಗೆ?" ಎಂದ ನಟರಾಜು.

"ಓಹೋ. ನನ್ನ ತೋಟ, ನನ್ನ ಸೊಪ್ಪು. ಹುಳ ತರಕ್ಕೂ ನಿನ್ನ ಅಪ್ಪಣೆ ಬೇಕೇನ್ಲಾ?"

ನಟರಾಜು ತಟ್ಟೆ ಬಿಟ್ಟು ಎದ್ದ. ಸಿರಿ ತಲೆ ತಗ್ಗಿಸಿ ಉಂಡು ಮುಗಿಸಿದಳು. ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತಾಗಿತ್ತು ಆ ಮನೆಯ ಗಾಡಿ. ನೊಗ ಮಾತ್ರ ಸರಸಮ್ಮನ ಹೆಗಲ ಮೇಲಿತ್ತು.

ಮಾರನೆಯ ದಿನ ಸಿರಿ ಹೋದ ಮೇಲೆ ಸರಸಮ್ಮ ಹುಳದ ಮನೆಯ ಹೊಸ್ತಿಲ ಮೇಲೆ ಕೂತಳು. ಹುಳವೆಲ್ಲ ತಲೆ ಎತ್ತಿಕೊಂಡು ಮಲಗಿತ್ತು. ಈ ಒಂದು ದಿನವೇ ಅವಳಿಗೆ ಬಿಡುವು. ಎದ್ದವೆಂದರೆ ಉಸಿರಾಡಲೂ ಪುರುಸೊತ್ತಿಲ್ಲ. ಅಂಗೈಯಲ್ಲಿ ಕುಡುಗೋಲಿನ ಬೊಬ್ಬೆ ಒಡೆದಿತ್ತು. ತುರ್ತಿಗೆ ಇರಲಿ ಎಂದು ಸಿರಿ ಅತ್ತೆಯ ಫೋನಿಗೇ ತರಬೇತಿ ಕಚೇರಿಯ ನಂಬರ್ ಹಾಕಿಕೊಟ್ಟಿದ್ದಳು. ಇದಕ್ಕಿಂತ ತುರ್ತು ಯಾವುದು ಅನ್ನಿಸಿತು. ಒಂದೆರಡು ದಿನ ಬೇಗ ಬಿಡಿ ಎಂದು ಕೇಳಿದರೆ ತಪ್ಪೇನು? ಸಿರಿಗೆ ಹೇಳಿದರೆ ಬೇಡ ಅನ್ನುತ್ತಾಳೆ. ಕೇಳಲೋ ಬೇಡವೋ ಎಂದು ಮೂರು ಸಲ ಫೋನ್ ಎತ್ತಿ ಇಟ್ಟು, ಕೊನೆಗೆ ಒತ್ತಿಯೇಬಿಟ್ಟಳು.

ಆ ಕಡೆ ಹೆಂಗಸಿನ ದನಿ. "ನಮಸ್ಕಾರ, ಭಾನುಪ್ರಿಯ. ಯಾರು ಹೇಳಿ?"

"ನಾನು ಕಣವ್ವ, ಸಿರಿ ಅತ್ತೆ, ಹಾರೋಹಳ್ಳಿ ಕಡೆಯೋಳು. ಸಿರೀನ ಒಸಿ ಬೇಗ ಕಳ್ಸಿಕೊಡ್ಬೇಕಿತ್ತು."

"ಯಾಕಮ್ಮ, ಏನಾಯ್ತು?"

"ಮನೇಲಿ ಜ್ವರ. ನಾಲ್ಕನೇ ಜ್ವರ."

"ಅಯ್ಯೋ. ನಾಲ್ಕನೇ ಸಲ ಬಂದಿದೆಯಾ? ಯಾರಿಗೆ?"

"ಎಲ್ಲಾದುಕ್ಕೂ ಕಣವ್ವ, ಒಟ್ಟಿಗೇ ಮಲಗವೆ. ಒಂದೂ ಬಾಯಿಗೆ ಇಡ್ತಿಲ್ಲ. ನಾಳೆ ಎದ್ದ್ರೆ ನೋಡು, ನನ್ನೊಬ್ಬಳ ಕೈಲಿ ಆಗಲ್ಲ."

"ಪಾಪ, ಮಕ್ಕಳಾ? ಸಿರಿ ಅವುಗಳ ಹತ್ತಿರ ಹೋಗಿದ್ರಾ?"

"ಅಯ್ಯೋ, ಮಕ್ಕಳಿಗಿಂತ ಹೆಚ್ಚಾಗಿ ನೋಡ್ಕತಾಳೆ. ಬೆಳಗ್ಗೇನೂ ಎಲ್ಲಾನೂ ಕೈಯಾಗೆ ಮುಟ್ಟಿ ನೋಡಿ ಬಂದವ್ಳೆ."

"ಸರಿ ಅಮ್ಮ. ಕಳಿಸ್ತೀನಿ. ನೀವೂ ಡಾಕ್ಟರಿಗೆ ತೋರಿಸಿ."

ಎಷ್ಟು ಒಳ್ಳೆಯ ಹೆಂಗಸು ಅಂದುಕೊಂಡಳು ಸರಸಮ್ಮ. ಡಾಕ್ಟರು ಅಂದದ್ದು ತನ್ನ ದನಿಯ ಆಯಾಸ ಕೇಳಿ ಇರಬೇಕು.

ಮಧ್ಯಾಹ್ನ ಮುಗಿಯುವ ಮೊದಲೇ ಸಿರಿ ಬಂದಳು. ಬಸ್‌ಸ್ಟಾಪಿನಿಂದ ಓಡಿಯೇ ಬಂದಿದ್ದಳು. ಒಂದು ಕೈಯಲ್ಲಿ ಬ್ರೆಡ್ಡು, ಮಾತ್ರೆ. ಇನ್ನೊಂದು ಕೈಯಲ್ಲಿ ಎಳನೀರು.

"ಯಾರ್ಗೆ ಅತ್ತೆ? ಮಾವಂಗಾ? ಇವ್ರು ಕಾರ್ಖಾನೆಯಿಂದ ಬಂದ್ರಾ?"

"ಯಾರ್ಗೆ ಏನು?"

"ಜ್ವರ! ಮನೇಲಿ ಎಲ್ಲಾರ್ಗೂ ಜ್ವರ, ಮೇಲೆ ಏಳ್ತಿಲ್ಲ, ಊಟ ಮಾಡ್ತಿಲ್ಲ ಅಂತ..."

ಜಗುಲಿಯ ಮೇಲೆ ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡು ಕೂತಿದ್ದ ಮರಿಯಪ್ಪ ಎಳನೀರಿನ ಕಡೆ ನೋಡಿದ. ಸರಸಮ್ಮನ ಕಣ್ಣು ತನ್ನಷ್ಟಕ್ಕೆ ಹುಳದ ಮನೆಯ ಕಡೆ ಹೋಯಿತು. ಸಿರಿಯ ಕಣ್ಣು ಅದರ ಹಿಂದೆಯೇ ಹೋಯಿತು.

"ಅತ್ತೆ. ನೀವು ಫೋನ್ ಮಾಡಿ ನಾಲ್ಕನೇ ಜ್ವರ ಅಂದ್ರಾ?"

"ಅಂದೆ ಕಣವ್ವ. ಇನ್ನೇನನ್ಲಿ? ಅದ್ಕೆ ಬ್ಯಾರೆ ಏನಂತಾರೆ?"

ಸಿರಿ ಕೈಯಲ್ಲಿದ್ದದ್ದನ್ನೆಲ್ಲ ಕೆಳಗಿಟ್ಟು ಜಗುಲಿಯ ಮೇಲೆ ಕೂತಳು. ಹೋದ ತಿಂಗಳು ತಂಡದಲ್ಲಿ ಒಬ್ಬ ಮನೆಯ ಜ್ವರ ಮುಚ್ಚಿಟ್ಟು ಬಂದು ಅರ್ಧ ತಂಡವೇ ಮಲಗಿತ್ತಂತೆ. ಅಂದಿನಿಂದ ಮನೆಯಲ್ಲಿ ಜ್ವರವಿದ್ದರೆ ಒಂದು ವಾರಕ್ಕೂ ಮೇಲೆ ಬರುವಂತಿಲ್ಲ. ಅಷ್ಟರಲ್ಲಿ ಗುರುವಾರ ಬಂದು ಹೋಗಿರುತ್ತದೆ. ಅಲ್ಲೇ ಕೂತು ಅವಳು ಕಚೇರಿಗೆ ಫೋನ್ ಮಾಡಿದಳು. ಸರಸಮ್ಮನಿಗೆ ಕೇಳಿಸಿದ್ದು ಒಂದೇ ಕಡೆಯ ಮಾತು.

"ಮೇಡಂ, ಅದು ಮನುಷ್ಯರ ಜ್ವರ ಅಲ್ಲ... ಹುಳದ ಜ್ವರ... ಇಲ್ಲ ಮೇಡಂ, ಕಾಯಿಲೆ ಅಲ್ಲ, ಹುಳ ಚೆನ್ನಾಗಿವೆ... ಕಥೆ ಕಟ್ತಿಲ್ಲ ಮೇಡಂ... ಅತ್ತೆಗೆ ನಾನು ಹೇಳಿಕೊಟ್ಟಿಲ್ಲ..."

ಫೋನ್ ಇಟ್ಟು ಹೇಳಿದಳು: "ಪರೀಕ್ಷೆ ತಪ್ಪಬಾರದು ಅಂತ ಸುಳ್ಳು ಹೇಳ್ತಿದೀನಿ ಅಂದ್ಕೊಂಡವ್ರೆ. ಹುಳಕ್ಕೆ ಜ್ವರ ಬರುತ್ತಾ ಸಿರಿ ಅಂತ ಕೇಳ್ತಾರೆ."

ಅಷ್ಟು ಹೇಳಿ ಎದ್ದು ಸೀರೆ ಬದಲಿಸಿ ತೋಟಕ್ಕೆ ಹೋದಳು. ಸಂಜೆಗೆ, ನಾಳೆ ಏಳುವ ಹುಳಕ್ಕೆಂದು, ಸೊಪ್ಪಿನ ಹೊರೆಗಳು ಸಾಲಾಗಿ ಬಂದವು. ಹುಳದ ಮನೆಯ ಬಾಗಿಲು ಎಳೆದುಕೊಂಡಳು. ಬೆರಳು ತೋರಿಸಲಿಲ್ಲ, "ಬಾಗಿಲು ಮುಚ್ಚಿದೆ" ಅನ್ನಲಿಲ್ಲ. ಬೈದಿದ್ದರೆ ಸರಸಮ್ಮ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

"ಆಗಿದ್ದು ಒಳ್ಳೇದೇ ಆಯ್ತು ಬುಡು" ಎಂದ ಮರಿಯಪ್ಪ ತಗ್ಗಿದ ದನಿಯಲ್ಲಿ. "ದೇವ್ರೇ ಮಾಡ್ಸಿದ ಅನ್ಕೋ. ಹುಳಕ್ಕೂ ಕೈ ಆಯ್ತು, ಮನೇಲಿ ಮನಸ್ಸೂ ಆಯ್ತು."

"ದೇವ್ರು ಮಾಡ್ಸಿಲ್ಲ. ಫೋನ್ ಮಾಡಿದ್ದು ನಾನು."

"ಬೇಕಂತ ಮಾಡಿದ್ಯಾ?"

"ಬೇಕಂತ ಮಾಡ್ದಿದ್ರೂ ನನ್ನ ಬಾಯಿಂದ್ಲೇ ಅಲ್ವಾ ಬಂದಿದ್ದು?"

ಮಾರನೆಯ ದಿನಕ್ಕೆಲ್ಲ ಹುಳ ಏಳತೊಡಗಿತು. ಅದರ ಮರುದಿನ ಬೆಳಿಗ್ಗೆ ಸರಸಮ್ಮ ಹುಳದ ತಟ್ಟೆಗಳನ್ನೆಲ್ಲ ಹುಡುಕಿ, ಇನ್ನೂ ಏಳದೆ ಹಿಂದುಳಿದಿದ್ದ ಒಂದಿಷ್ಟು ಹುಳ ಆರಿಸಿದಳು. ಜೊತೆಗೆ ಎದ್ದು ತಿನ್ನುತ್ತಿದ್ದ ಒಂದಿಷ್ಟು. ನಟರಾಜು ಕಾರ್ಖಾನೆಗೆ ಒಯ್ಯುವ ಊಟದ ಡಬ್ಬಿಯ ಮುಚ್ಚಳಕ್ಕೆ ದಬ್ಬಳದಲ್ಲಿ ತೂತು ಹೊಡೆದು, ಎಳೆ ಸೊಪ್ಪು ಹಾಸಿ, ಹುಳ ಇಟ್ಟಳು. ಮದುವೆಗೆ ಉಡುವ ಸೀರೆ ಉಟ್ಟಳು.

"ಎಲ್ಲಿಗೆ?" ಎಂದ ಮರಿಯಪ್ಪ.

"ಜ್ವರ ತೋರ್ಸಕ್ಕೆ."

"ಹುಚ್ಚು ಹಿಡಿದೈತಾ? ದಾರಿ ತಪ್ಪಿಸ್ಕಂಡು ಎಲ್ಲಾರ ಹೋಗ್ಬುಟ್ಟೀಯೆ."

"ನೀವು ತಲಘಟ್ಟಪುರದ ರೇಷ್ಮೆ ಸಂಸ್ಥೆಗೆ ಚಾಕಿ ಕಲಿಯಕ್ಕೆ ಹೋಗಿರ್ಲಿಲ್ವಾ? ನಾನೂ ಅಲ್ಲೀಗಂಟ ಬಸ್ಸಲ್ಲಿ ಹೊಯ್ತೀನಿ. ಅಲ್ಲಿಂದ ಮುಂದೆ ಕೇಳ್ಕಂಡು ಹೊಯ್ತೀನಿ. ಬಾಯೈತಲ್ಲ. ಕೆಡಿಸಿದ್ದೂ ಅದೇ, ಸರಿ ಮಾಡೋದೂ ಅದೇ."

ರೇಷ್ಮೆ ಸಂಸ್ಥೆಯ ನಿಲ್ದಾಣದಲ್ಲಿ ಚೀಲ ಪರೀಕ್ಷೆ ಮಾಡುವ ಹುಡುಗಿ ಡಬ್ಬಿಯ ತೂತು ನೋಡಿ ತಡೆದಳು.

"ಊಟನಾ ಅಮ್ಮ?"

"ಅಲ್ಲ ಕಣವ್ವ, ಹುಳ."

"ಊಟದಲ್ಲಿ ಹುಳನಾ?"

"ಊಟ ಹುಳಕ್ಕೆ. ಹುಳ ಜ್ವರ ಮಲಗೈತೆ. ಮೇಡಮ್ಮೋರಿಗೆ ತೋರ್ಸಕ್ಕೆ ತಕ್ಕಂಡು ಹೊಯ್ತಿದೀನಿ."

ಹಿಂದೆ ನಿಂತವರು ನಗತೊಡಗಿದರು. ಹುಡುಗಿ ಮುಚ್ಚಳ ತೆಗೆದು ಬೆಚ್ಚಿ ಕೈ ಹಿಂದಕ್ಕೆಳೆದಳು. ಆಮೇಲೆ ಮೆಲ್ಲಗೆ ಮತ್ತೆ ಬಗ್ಗಿ ನೋಡಿ, "ನಮ್ಮಜ್ಜಿ ಮನೇಲೂ ಸಾಕ್ತಿದ್ರು. ಮುಚ್ಚಳ ಮಾತ್ರ ತೆಗೀಬೇಡಿ ಒಳಗೆ" ಎಂದು ಬಿಟ್ಟಳು.

ಸರಸಮ್ಮ ಮೆಟ್ರೊ ಹತ್ತಿದ್ದು ಅದೇ ಮೊದಲು. ಡಬ್ಬಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದು ಕೂತಳು. ಮನೆಗಳ ಮಾಳಿಗೆ, ಒಣಹಾಕಿದ ಬಟ್ಟೆ, ತೆಂಗಿನ ಸುಳಿ ಎಲ್ಲ ಕಣ್ಣಿನ ಮಟ್ಟಕ್ಕೇ ಬಂದು ಹಿಂದೆ ಸರಿದವು. ಒಂದು ಕಡೆ ರೈಲು ನೆಲದೊಳಗಿಳಿದು ಕಿಟಕಿ ಕಪ್ಪಾಯಿತು. ಅವಳು ಡಬ್ಬಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಸುತ್ತ ಯಾರೂ ತಲೆ ಎತ್ತಲಿಲ್ಲ. ಒಬ್ಬ ತೂಕಡಿಸುತ್ತಿದ್ದ, ಒಬ್ಬಳು ಮಗುವಿನ ಜಡೆ ಬಿಗಿಯುತ್ತಿದ್ದಳು. ಮುಂದೆ ಕೂತು ಓಡಿಸುವವರು ಯಾರೆಂದು ಇವರಿಗೆ ಗೊತ್ತೂ ಇಲ್ಲ, ಆದರೂ ನಿದ್ದೆ ಮಾಡುತ್ತಾರಲ್ಲ! ಹಿಂದೆ ಸಾವಿರಾರು ಜನ ಎಂದು ಸಿರಿ ಹೇಳಿದ್ದು ಈಗ ಸರಸಮ್ಮನ ಮೈಗೆ ತಟ್ಟಿತು. ರೈಲು ಮತ್ತೆ ಬೆಳಕಿಗೆ ಬಂದಾಗ ಅವಳು ಬಾಗಿಲ ಕಡೆ ನೋಡಿ, ಬೆರಳನ್ನು ಡಬ್ಬಿಯ ಮೇಲೇ ಒಂದಿಷ್ಟು ಎತ್ತಿ, ತುಟಿಯೊಳಗೆ "ಬಾಗಿಲು ಮುಚ್ಚೈತೆ" ಅಂದುಕೊಂಡಳು.

ಪೀಣ್ಯದಲ್ಲಿಳಿದು, ಕೇಳುತ್ತ ಕೇಳುತ್ತ ಡಿಪೋದ ಗೇಟು ಸೇರಿ, ಅಲ್ಲಿ ಬಿಸಿಲಿಗೆ ಕಾದು, ಅಂತೂ ಭಾನುಪ್ರಿಯ ಮೇಡಂ ಮುಂದೆ ನಿಂತಳು. ಅವರು ಕುರ್ಚಿ ತೋರಿಸಿದರೂ ಕೂರದೆ ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟಳು.

"ನೋಡವ್ವ. ಈ ತಲೆ ಎತ್ಕಂಡು ಕುಂತೈತಲ್ಲ, ಅಲ್ಲಾಡ್ತಿಲ್ಲ, ತಿಂತಿಲ್ಲ, ಇದೇ ಜ್ವರ. ಈ ಪಕ್ಕದ್ದು ನೋಡು, ಇದು ಎದ್ದೈತೆ. ನಾನು ಫೋನಲ್ಲಿ ಹೇಳಿದ್ದು ಇವುನ್ನ. ನಮ್ಮನೇಲಿ ಮಕ್ಕಳೇ ಇಲ್ಲ."

ಭಾನುಪ್ರಿಯ ಡಬ್ಬಿಯನ್ನೇ ನೋಡುತ್ತ ಇದ್ದುಬಿಟ್ಟರು. ಎದ್ದ ಹುಳವೊಂದು ಎಲೆಯ ಅಂಚಿನಿಂದ ಶುರುಮಾಡಿ ಅರ್ಧಚಂದ್ರ ಕತ್ತರಿಸುತ್ತಿತ್ತು. ಅವರ ಬಾಯಿಯ ಮೂಲೆ ಅಲುಗಿತು; ಆಮೇಲೆ ತಡೆಯಲಾಗದೆ ನಕ್ಕರು.

"ಸಿರಿ ಹೇಳಿದಾಗ ನಾನು ನಂಬಲಿಲ್ಲ. 'ಒಟ್ಟಿಗೇ ಮಲಗವೆ' ಅಂದ್ರಿ ನೀವು. ನನ್ನ ಕಣ್ಣ ಮುಂದೆ ಸಾಲಾಗಿ ಮಲಗಿರೋ ಮಕ್ಕಳೇ ಬಂದ್ವು." ನಗು ನಿಲ್ಲಿಸಿ, "ಆದ್ರೆ ಅಮ್ಮ, ಜ್ವರ ಅಂತ ಕಿವಿಗೆ ಬಿದ್ದ ಮೇಲೆ ನಾನು ಸುಮ್ಮನಿರೋ ಹಾಗಿಲ್ಲ. ಸಿರಿಗೆ ಹೇಳದೆ ನೀವು ಫೋನ್ ಮಾಡಬಾರದಿತ್ತು."

"ಮಾಡ್ಬಾರ್ದಿತ್ತು. ನಿಮ್ದು ತಪ್ಪಿಲ್ಲ ಬುಡಿ. ಪಕ್ಕದ ಮನೆ ಹುಳಕ್ಕೆ ಹಾಲುತೊಂಡೆ ರೋಗ ಬಂದ್ರೆ ನಾನೂ ಅವ್ರನ್ನ ನಮ್ಮ ಹುಳದ ಮನೆ ಬಾಗ್ಲಿಗೆ ಬುಡಲ್ಲ. ಎಷ್ಟೇ ನೆಂಟ್ರಾಗಿರ್ಲಿ."

"ಅಷ್ಟೇ ನೋಡಿ. ಸಿರಿ ನಾಳೆ ಬಂದು ನಮ್ಮ ಡಾಕ್ಟರಿಗೆ ಮೈ ತೋರಿಸಲಿ. ಅವರು ಸರಿ ಅಂದ್ರೆ ಗುರುವಾರದ ಪರೀಕ್ಷೆಗೆ ಸೇರಿಸ್ತೀನಿ. ಆದ್ರೆ ಇನ್ನು ಒಂದು ದಿನ ರಜೆ ಇಲ್ಲ, ಬೇಗ ಬಿಡೋದೂ ಇಲ್ಲ. ಮನೇಲಿ ಆಗುತ್ತಾ?"

ಸರಸಮ್ಮ ಬೆರಳು ಮಡಿಸಿ ನೋಡಿದಳು. ಹುಳ ಹಣ್ಣಾಗುವುದು, ಅಂದರೆ ತಿನ್ನುವುದು ನಿಲ್ಲಿಸಿ ಗೂಡು ಕಟ್ಟಲು ಜಾಗ ಹುಡುಕುವುದು, ಅದೇ ಗುರುವಾರ. ಒಂದೊಂದೇ ಹುಳ ಆರಿಸಿ ಚಂದ್ರಿಕೆಯ ಬಿದಿರ ಸುತ್ತಿನೊಳಗೆ ಬಿಡಬೇಕು. ತಡವಾದರೆ ರೇಷ್ಮೆ ಎಲ್ಲೆಂದರಲ್ಲಿ ಉಗುಳಿ ಹಾಳು. ಮನೆಯ ಕೈಯೆಲ್ಲ ಸೇರಿದರೂ ಸಾಲದ ದಿನ ಅದು.

"ಆಯ್ತದೆ" ಎಂದಳು.

ಮನೆಗೆ ಬಂದಾಗ ಸಿರಿ ಸೊಪ್ಪು ಹಾಕುತ್ತಿದ್ದಳು. ಸರಸಮ್ಮ ಖಾಲಿ ಡಬ್ಬಿ ಕೆಳಗಿಟ್ಟು ಹೇಳಿದಳು: "ನಾಳೆ ಡಾಕ್ಟರ ಹತ್ರ ಹೋಗು. ಗುರುವಾರ ನೀನು ರೈಲು ಓಡ್ಸು. ಹುಳಾನ ಚಂದ್ರಿಕೆಗೆ ನಾನು ಹತ್ತುಸ್ತೀನಿ."

ಸಿರಿ ಅತ್ತೆಯನ್ನು ನೋಡಿದಳು, ಡಬ್ಬಿಯನ್ನು ನೋಡಿದಳು. "ಹುಳ ಎಲ್ಲಿ ಅತ್ತೆ?"

"ಮೇಡಮ್ಮು ಇಟ್ಕಂಡ್ರು. ಅವ್ರ ಮಗೀಗೆ ತೋರ್ಸ್ತಾರಂತೆ. ದಿನಾ ಸೊಪ್ಪು ನೀನೇ ತಂದ್ಕೊಡ್ಬೇಕಂತೆ."

ಸಿರಿಗೆ ನಗು ಬಂತು, ಅದರ ಹಿಂದೆಯೇ ಇಷ್ಟು ದಿನ ಬರದಿದ್ದ ಅಳುವೂ ಬಂತು.

"ಎಲ್ಲಿಂದ ತತ್ತೀಯ ಕೈಯ್ಯ?" ಎಂದು ಮರಿಯಪ್ಪ ಜಗುಲಿಯಿಂದ ಗುಡುಗಿದ. "ಗುರುವಾರ ಒಬ್ಬಳೇ ಹತ್ತುಸ್ತೀಯಾ?"

"ಮುಯ್ಯಾಳು ಕರೀತೀನಿ."

ಇವತ್ತು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು, ಅದೇ ಮುಯ್ಯಾಳು. ಬೀದಿಯ ಕೊನೆಯ ಮನೆಯ ದೊಡ್ಡಲಕ್ಷ್ಮಮ್ಮನ ಹುಳಕ್ಕೆ ಸರಸಮ್ಮ ಎಷ್ಟೋ ಸಲ ಹೋಗಿದ್ದಳು. ತಿರುಗಿ ಕರೆಯಲು ಸಂಕೋಚಪಟ್ಟುಕೊಂಡೇ ಇದ್ದವಳು ಈಗ ನೇರ ಹೋಗಿ ಅಂಗಳದಲ್ಲಿ ನಿಂತಳು. ದೊಡ್ಡಲಕ್ಷ್ಮಮ್ಮ, "ಕರಿಯೋಕೆ ಇಷ್ಟು ದಿನ ಬೇಕಾಯ್ತೇನೇ? ನನ್ನಿಬ್ರು ಸೊಸೇರ್ನೂ ಎಳ್ಕಂಡು ಬತ್ತೀನಿ" ಎಂದಳು. ನಟರಾಜು ಪಾಳಿ ಬದಲಿಸಿಕೊಂಡ. ನಡುವಿನ ದಿನಗಳಲ್ಲಿ ಅವನೂ ಅವ್ವನೂ ಸೊಪ್ಪಿನ ಹೊರೆಗಳನ್ನು ಹೊತ್ತೇ ಹೊತ್ತರು. ಡಾಕ್ಟರು ಸರಿ ಅಂದರು.

ಗುರುವಾರ ಬೆಳಿಗ್ಗೆ ಹುಳದ ಮೈ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಸಿರಿ ಸಮವಸ್ತ್ರದಲ್ಲಿ ಹುಳದ ಮನೆಯ ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಕಾಲು ಕೀಳಲಿಲ್ಲ.

"ಬತ್ತೀನಿ ಅನ್ನು, ಹೊರಡು" ಎಂದಳು ಸರಸಮ್ಮ, ತಲೆ ಎತ್ತದೆ.

"ಬತ್ತೀನಿ ಅತ್ತೆ." ಜಗುಲಿಯ ಹತ್ತಿರ, "ಬತ್ತೀನಿ ಮಾವ."

ಮರಿಯಪ್ಪ ಎಲೆಯಡಿಕೆ ಅಗಿಯುತ್ತ ಬೇರೆ ಕಡೆ ನೋಡಿದ. ಅವಳು ಅಂಗಳ ದಾಟುವಾಗ ಮಾತ್ರ, "ನೋಡ್ಕಂಡು ಓಡ್ಸವ್ವ" ಎಂದ.

ಮುಯ್ಯಾಳುಗಳು ಬಂದರು. ಕೆಲಸ ಶುರುವಾಯಿತು. ಆಗ ಸರಸಮ್ಮ ಹೊರಗೆ ಬಂದು ಗಂಡನ ಮುಂದೆ ನಿಂತಳು.

"ಮುಯ್ಯಾಳಿಗೆ ಊಟ ಹಾಕ್ಬೇಕು."

"ಹಾಕು."

"ನಾನು ಒಳಗಿಂದ ಏಳಂಗಿಲ್ಲ. ನಿಮಗೆ ಬಗ್ಗಕ್ಕಾಗಲ್ಲ, ನಿಂತ್ಕಳಕ್ಕಾಗುತ್ತೆ. ಒಲೆ ನಿಂತ್ಕಂಡೇ ಮಾಡೋ ಎತ್ತರಕ್ಕೈತೆ. ಅವರೇಕಾಳು ನೆನಸಿವ್ನಿ, ಹಿಟ್ಟು ಡಬ್ಬೀಲೈತೆ."

"ನಾನಾ? ಗಂಡಸು ಮುದ್ದೆ ತಿರುವ್ತಾನಾ?"

"ಹೆಂಗಸು ರೈಲು ಓಡುಸ್ತಾಳಾ ಅಂದಿದ್ರಿ. ಉಪ್ಪು ನೀವೇ ಹಾಕಿ. ಹದ ನಿಮಗೇ ಗೊತ್ತಲ್ಲ."

ಒಳಗಿನಿಂದ ದೊಡ್ಡಲಕ್ಷ್ಮಮ್ಮನ ನಗು ಕೇಳಿಸಿತು. ಮರಿಯಪ್ಪ ಎಲೆಯಡಿಕೆ ಉಗುಳಿ, ಗೋಡೆ ಹಿಡಿದುಕೊಂಡು ಎದ್ದ.

ಮಧ್ಯಾಹ್ನದ ಊಟಕ್ಕೆ ಮುದ್ದೆಯಲ್ಲಿ ಗಂಟಿತ್ತು, ಸಾರು ಉಪ್ಪುಪ್ಪಾಗಿತ್ತು. ಮೊದಲ ತುತ್ತಿಗೆ ಎಲ್ಲರೂ ಸರಸಮ್ಮನ ಮುಖ ನೋಡಿದರು. ಸರಸಮ್ಮ ಒಂದು ಚೊಂಬು ನೀರು ಕುಡಿದು, ಇನ್ನೊಂದು ಸೌಟು ಹಾಕಿಸಿಕೊಂಡಳು.

"ಹೆಂಗೈತೆ?" ಎಂದ ಮರಿಯಪ್ಪ.

"ಮನಸಿಟ್ಟು ಮಾಡಿದೀರ" ಎಂದಳು.

ಮರಿಯಪ್ಪ ತಾನೂ ಒಂದು ತುತ್ತು ಬಾಯಿಗಿಟ್ಟ. ಆಮೇಲೆ ಉಪ್ಪಿನ ಮಾತೆತ್ತಲಿಲ್ಲ. ಅಂದಷ್ಟೇ ಅಲ್ಲ, ಮುಂದೆಯೂ ಎತ್ತಲಿಲ್ಲ.

ಇಳಿಹೊತ್ತಿನಲ್ಲಿ ಇನ್ನೂ ಕಾಲು ಭಾಗ ಹುಳ ಉಳಿದಿತ್ತು. ಸರಸಮ್ಮನ ಬೆರಳ ತುದಿಗೆಲ್ಲ ರೇಷ್ಮೆಯ ಎಳೆ ಅಂಟಿಕೊಂಡಿತ್ತು. ಕಣ್ಣು ಹುಳದ ಮೇಲೆ, ಕಿವಿ ಮಾತ್ರ ಹೊರಗೆ. ಒಂದು ಹುಳ ಆರಿಸಿದಾಗ ಆಗುತ್ತದೆ ಅನ್ನಿಸುತ್ತಿತ್ತು, ಇನ್ನೊಂದು ಆರಿಸಿದಾಗ ಏನೋ ಎಡವಟ್ಟಾಗಿದೆ ಅನ್ನಿಸುತ್ತಿತ್ತು. ರಾತ್ರಿಯ ಅಡುಗೆಗೆ ಒಲೆಯ ಮುಂದೆ ನಿಂತಿದ್ದ ಮರಿಯಪ್ಪನ ಹತ್ತಿರ ಫೋನ್ ಬಡಿದುಕೊಂಡಿತು.

"ಯಾರು?... ಸಿರಿಯಾ?... ಏನು?... ಜೋರಾಗಿ ಹೇಳವ್ವ, ರೈಲು ಸದ್ದು." ಸರಸಮ್ಮನ ಕೈ ಚಂದ್ರಿಕೆಯ ಮೇಲೇ ನಿಂತಿತು. ಮರಿಯಪ್ಪ ಕೈಯಲ್ಲಿ ಮುದ್ದೆ ಕೋಲು ಹಿಡಿದುಕೊಂಡೇ, ಸೊಂಟ ನೋವು ಮರೆತವನಂತೆ ಹುಳದ ಮನೆಯ ಬಾಗಿಲಿಗೆ ಬಂದ.

"ನಾಲ್ಕನೇ ಜ್ವರ ಎದ್ದೆ ಅಂತ ಹೇಳಿ ಅತ್ತೆಗೆ ಅಂದ್ಲು ಕಣೇ!"

"ಅಯ್ಯೋ ಶಿವನೆ, ಸಿರಿಗೆ ಜ್ವರ ಬಂದಿತ್ತಾ?" ಎಂದಳು ದೊಡ್ಡಲಕ್ಷ್ಮಮ್ಮ, ಹುಟ್ಟಿದಾಗಿನಿಂದ ಹುಳ ಸಾಕಿದವಳು.

ನಟರಾಜು ಬಿದ್ದು ಬಿದ್ದು ನಕ್ಕ. ಸರಸಮ್ಮ ನಗಲಿಲ್ಲ. ಕೈಯಲ್ಲಿದ್ದ ಹುಳವನ್ನು ಜೋಪಾನವಾಗಿ ಚಂದ್ರಿಕೆಯೊಳಗೆ ಬಿಟ್ಟು, ಅದು ತಲೆ ಆಡಿಸಿ ಮೊದಲ ಎಳೆ ಹಾಕುವವರೆಗೂ ನೋಡಿದಳು. ಆಮೇಲೆ ಬಾಗಿಲಲ್ಲಿ ಇನ್ನೂ ನಿಂತೇ ಇದ್ದ ಗಂಡನ ಕಡೆ ತಿರುಗಿದಳು.

"ನಾಲ್ಕನೇದು ಎದ್ದೋರ್ಗೆ ಹಸಿವು ಜಾಸ್ತಿ. ಅವ್ಳಿಗೆ ಇನ್ನೊಂದು ಮುದ್ದೆ ಹೆಚ್ಚಾಗಿ ತಿರುವಿ."